ಬದುಕಿದ್ದವಳ ಅಣಕು

ಸತ್ತವರನ್ನು ಅಣಕಿಸುವುದು ನನ್ನ ಹಕ್ಕು. ಅಜ್ಜನ ಕಾಲದಿಂದ ಬಂದದ್ದು. ನಮ್ಮಜ್ಜನೂ ಮುಕರಾಟಿ ಮನೆಯ ಅಜ್ಜನೂ ಒಂದೇ ಸೋರೆಬುರುಡೆಯಲ್ಲಿ ಹೆಂಡ ಕುಡಿದು ಮಾತು ಕೊಟ್ಟುಕೊಂಡರಂತೆ: ನಿನ್ನ ಮನೆಯ ಹೆಣ ನನ್ನದು, ನನ್ನ ಮನೆಯ ಹೆಣ ನಿನ್ನದು. ಅಂದಿನಿಂದ ನಾವು ಆ ಮನೆಯ ಸಹ್ವಿರಾ. ಅವರಲ್ಲಿ ಯಾರಾದರೂ ಸತ್ತರೆ ರಕ್ತಸಂಬಂಧಿಗಳು ಅಳುತ್ತ ಕೂರುತ್ತಾರೆ. ಗುಂಡಿ ಅಗೆಸುವುದು, ಹೆಣ ತೊಳೆಯುವುದು, ಬಂದವರಿಗೆ ಬೇಯಿಸಿ ಹಾಕುವುದು ನಾವು. ಅಷ್ಟೇ ಅಲ್ಲ. ಸತ್ತವರ ಬಟ್ಟೆ ತೊಟ್ಟು, ಅವರ ಹಾಗೇ ನಡೆದು, ಅವರ ಹಾಗೇ ಬೈದು, ಅವರ ಜಿಪುಣತನ, ಕುಡಿತ, ಕಳ್ಳಾಟ ಎಲ್ಲವನ್ನೂ ಅಂಗಳದಲ್ಲಿ ಹರವಬೇಕು. ಅಳುವವರನ್ನು ನಗಿಸಬೇಕು. ಯಾರೂ ಸಿಟ್ಟಾಗುವ ಹಾಗಿಲ್ಲ. ಸಹ್ವಿರಾಳನ್ನು ತಡೆಯುವ ಹಕ್ಕು ಊರ ಯಜಮಾನನಿಗೂ ಇಲ್ಲ, ಪಾದ್ರಿಗೂ ಇಲ್ಲ.

ತಡೆಯುವವರು ಯಾರೂ ಇಲ್ಲ. ನಂಬುವವರೂ ಯಾರೂ ಇಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ಆ ಮನೆಯಲ್ಲಿ ಎರಡು ಹೆಣ ಬಿದ್ದಿದ್ದವು.

ನನ್ನ ಹೆಸರು ಶುಪಿಕಾಯಿ. ಮುಟಾರೆ ಪಟ್ಟಣದ ಸಕುಬ್ವಾ ಕೇರಿಯಲ್ಲಿದ್ದೇನೆ. ಊರಾಚೆ ಗುಡ್ಡದ ಬುಡದಲ್ಲಿ ಜಲ್ಲಿ ಒಡೆಯುತ್ತೇನೆ. ಮನೆ ಕಟ್ಟಿಸುವವರು ಲಾರಿ ತಂದು ತುಂಬಿಕೊಂಡು ಹೋಗುತ್ತಾರೆ. ಹಳೆ ಟೈರಿನ ರಬ್ಬರನ್ನು ಬಳೆಯ ಹಾಗೆ ಕತ್ತರಿಸಿ, ಅದರೊಳಗೆ ಕಲ್ಲು ಸಿಕ್ಕಿಸಿ ಸುತ್ತಿಗೆಯಲ್ಲಿ ಹೊಡೆಯಬೇಕು. ಇಲ್ಲದಿದ್ದರೆ ಚೂರು ಕಣ್ಣಿಗೆ ಹಾರುತ್ತದೆ. ನನ್ನ ಪಕ್ಕದ ಗುಡ್ಡೆ ವಡ್ಜನಾಯಿಯದು. ಮುಕರಾಟಿ ಮನೆಯ ಕೊನೆಯ ಮಗಳು. ಗಂಡ ಜೋಹಾನ್ಸ್‌ಬರ್ಗಿಗೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಒಬ್ಬಳು ಮಗಳು, ರುವಾ. ಇನ್ನೂ ಹಾಲುಹಲ್ಲು ಬೀಳುತ್ತಿರುವ ಮಗು.

ಮೊದಲು ಸತ್ತವನು ವಡ್ಜನಾಯಿಯ ಅಣ್ಣ ಎನಿಯಾಸ್. ಮರದ ಮಿಲ್ಲಿನಲ್ಲಿ ಹಲಗೆ ಹೊರುತ್ತಿದ್ದ. ಹಸಿ ಹಲಗೆಯನ್ನು ಹೆಗಲಿಗೇರಿಸಿ ಹಾಡು ಹೇಳಿಕೊಂಡು ನಡೆಯುವ ಆಳು. ಮಲದಲ್ಲಿ ರಕ್ತ ಹೋಗುವುದನ್ನು ನಾಚಿಕೆಗೆ ಮುಚ್ಚಿಟ್ಟ. ಆಸ್ಪತ್ರೆಗೆ ಹೋದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಅಂದರು. ಕ್ಯಾನ್ಸರು. ಕೊಯ್ದು ತೆಗೆದರು. ಗಾಯ ಮಾಯಿತು. ಅವನು ಎದ್ದು ಓಡಾಡಿದ, ಸಡ್ಜಾ ಮುದ್ದೆ ಮುರಿದು ಸೊಪ್ಪಿನ ಜೊತೆ ಉಂಡ, ಮಿಲ್ಲಿನವರಿಗೆ ಬರುತ್ತೇನೆಂದು ಹೇಳಿ ಕಳಿಸಿದ. ಆಮೇಲೆ ಒಳಗೆ ಉಳಿದ ಬೇರೂ ಸಾಯಲಿ ಎಂದು ಮಾತ್ರೆ ಕೊಟ್ಟರು. ತಿಳಿಗೆಂಪು ಮಾತ್ರೆ. ಹೊತ್ತಿಗೊಂದು ಹಿಡಿ.

ಆ ಮಾತ್ರೆ ಶುರುವಾದದ್ದೇ ಅವನ ಬಾಯಿ ಹುಣ್ಣಾಯಿತು. ಗಂಜಿ ನುಂಗಿದರೂ ಕಣ್ಣಲ್ಲಿ ನೀರು. ಭೇದಿ ಹಿಡಿದು ನಿಲ್ಲಲೇ ಇಲ್ಲ. ಅಂಗೈ ಅಂಗಾಲಿನ ಚರ್ಮ ಸುಲಿಯಿತು. ಹಲಗೆ ಹೊತ್ತು ಕಾಯಿಕಟ್ಟಿದ್ದ ಆ ಕೈಗಳು ಹಸಿಮಾಂಸವಾದವು. ಹತ್ತಿರ ಕೂತು ನೋಡಿದವಳು ನಾನು. ಅದು ನನ್ನ ಕೆಲಸ, ಮುಂದೆ ಅಣಕಿಸಬೇಕಾದವಳು ನೋಡಿಟ್ಟುಕೊಳ್ಳಬೇಕು. ಕಾಯಿಲೆ ಹೀಗೆ ಕೊಲ್ಲುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಆಸ್ಪತ್ರೆಯವರು ಕಾಯಿಲೆಯೇ ಕೊಂದಿತು ಅಂದರು. ತಡವಾಗಿ ಬಂದಿರಿ ಅಂದರು.

ಎನಿಯಾಸನ ಸಾವಿನ ದಿನ ಅವನ ಮಿಲ್ಲಿನ ಅಂಗಿ ತೊಟ್ಟೆ. ಮೊದಲು ಹಲಗೆ ಹೊತ್ತು ಹಾಡುವ ನಡಿಗೆ ಆಡಿದೆ. ಜನ ಅತ್ತರು, ನಕ್ಕರು. ಆಮೇಲೆ ಕೊನೆಯ ದಿನಗಳ ನಡಿಗೆ ಆಡಿದೆ. ಕಾಲು ಅಗಲಿಸಿ, ಎರಡೂ ಅಂಗೈ ಮುಂದೆ ಚಾಚಿ, ಬಾಯಿ ತೆರೆದುಕೊಂಡು, ಕಕ್ಕಸಿನ ಕಡೆಗೆ ಹೆಜ್ಜೆ ಹೆಜ್ಜೆ. ಎನಿಯಾಸನ ದನಿಯಲ್ಲೇ ಕೂಗಿದೆ: "ಕಾಯಿಲೆ ನನ್ನ ಕೊಲ್ಲಲಿಲ್ಲ ಕಣ್ರೋ. ಮಾತ್ರೆ ಕೊಂದಿತು. ಡಾಕ್ಟ್ರು ಕೊಟ್ಟ ಮಾತ್ರೆ ಕೊಂದಿತು."

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ವಡ್ಜನಾಯಿ. ನನ್ನ ಭುಜಕ್ಕೆ ಒರಗಿ, ಉಸಿರು ಸಿಕ್ಕಿಕೊಳ್ಳುವ ಹಾಗೆ ನಕ್ಕು, ಆಮೇಲೆ ಅಲ್ಲೇ ಅತ್ತಳು.

ನಮ್ಮಿಬ್ಬರ ಮಾತೇ ಹಾಗೆ. ದಿನವಿಡೀ ಕಲ್ಲು ಒಡೆಯುತ್ತ ಒಬ್ಬರ ಸಾವನ್ನು ಇನ್ನೊಬ್ಬರು ಆಡಿಕೊಳ್ಳುವುದು.

"ನೀನು ಸತ್ತ ದಿನ ಈ ಹರಕು ಲಂಗ ಉಟ್ಕೊಂಡು ಇಡೀ ಸಕುಬ್ವಾ ಸುತ್ತುತೀನಿ ನೋಡು" ಅನ್ನುತ್ತಿದ್ದೆ.

"ಸುತ್ತು, ಸುತ್ತು. ನಿನ್ನ ಸೊಂಟ ಮೊದ್ಲು ಅದ್ರೊಳಗೆ ಹೋಗ್ಲಿ" ಅನ್ನುತ್ತಿದ್ದಳು.

ಅವಳಿಗೂ ಅದೇ ಕಾಯಿಲೆ ಬಂತು. ಆದರೆ ಅವಳು ಅಣ್ಣನ ಹಾಗೆ ಮುಚ್ಚಿಡಲಿಲ್ಲ. ರಕ್ತ ಕಂಡ ದಿನವೇ ಸುತ್ತಿಗೆ ಕೆಳಗಿಟ್ಟು ನನಗೆ ಹೇಳಿದಳು. ಅವತ್ತೇ ಹೊರಟೆವು. ಕೊಯ್ದರು. ಗಡ್ಡೆ ಸಣ್ಣದು, ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಅಂದರು. ನಾನು ಸಮಾಧಾನದ ಉಸಿರು ಬಿಟ್ಟೆ. ಆಮೇಲೆ ಅದೇ ತಿಳಿಗೆಂಪು ಮಾತ್ರೆಯ ಮಾತು ಬಂತು.

ನಾನು ವಡ್ಜನಾಯಿಯ ಜೊತೆ ಡಾಕ್ಟರ ಕೋಣೆಗೆ ನುಗ್ಗಿದೆ. ಡಾಕ್ಟರ್ ಗ್ವಾತಿಡ್ಜೊ ನಮ್ಮ ಕಡೆಯವರೇ. ಬುಹೆರಾದ ಹಳ್ಳಿಯಿಂದ ಓದಿ ಬಂದವರು. ಕೆಟ್ಟ ಮನುಷ್ಯ ಅಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು.

"ಇವಳಣ್ಣ ಈ ಮಾತ್ರೆಯಿಂದ್ಲೇ ಸತ್ತ ಡಾಕ್ಟ್ರೇ. ಇವಳಿಗೆ ಕೊಡ್ಬೇಡಿ. ಕೊಡ್ಲೇಬೇಕು ಅಂದ್ರೆ ಒಂಚೂರು ಕೊಟ್ಟು ನೋಡಿ ಮೊದ್ಲು."

"ಅಣ್ಣ ಕಾಯಿಲೆ ಬಲಿತ ಮೇಲೆ ಬಂದ್ರು ಅಮ್ಮಾ. ಹಾಗಂತ ಬರೆದಿದೆ. ನೀವು ಇವರಿಗೇನಾಗ್ಬೇಕು?"

"ಸಹ್ವಿರಾ."

ಅಲ್ಲಿಯವರೆಗೆ ಬಿಗಿದುಕೊಂಡಿದ್ದ ಅವರ ಮುಖ ಸಡಿಲಾಯಿತು. ನಕ್ಕರು. "ಓ, ಸಹ್ವಿರಾನಾ? ಹಾಗಾದ್ರೆ ನಾನು ಹುಷಾರಾಗಿರ್ಬೇಕಪ್ಪ. ನನ್ನ ಹೊಟ್ಟೆ ವಿಚಾರ ಮಾತ್ರ ಎತ್ತಬೇಡಿ."

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವಡ್ಜನಾಯಿಯೂ ನಕ್ಕಳು. ನಾನು ಬೈದೆ. ಬೈದಷ್ಟೂ ನಗು ಹೆಚ್ಚಾಯಿತು. ಬೇರೆ ದೇಶದ ಡಾಕ್ಟರಾಗಿದ್ದರೆ ಯಾರೋ ತಲೆಕೆಟ್ಟ ಹೆಂಗಸು ಎಂದಾದರೂ ನನ್ನ ಮುಖ ನೋಡುತ್ತಿದ್ದರು. ಇವರು ನಮ್ಮವರು. ಸಹ್ವಿರಾಳ ಬಾಯಿಂದ ಬಂದದ್ದು ಸಾವಿನ ಮನೆಯ ತಮಾಷೆ ಎಂದು ಹಾಲು ಕುಡಿದ ದಿನದಿಂದ ಕಲಿತವರು.

ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರು. ಈ ಮಾತ್ರೆಯನ್ನು ಅರಗಿಸಿ ಹೊರಹಾಕುವ ಶಕ್ತಿ ಕೆಲವರ ಮೈಗೆ ಹುಟ್ಟಿನಿಂದಲೇ ಕಡಿಮೆಯಂತೆ. ಅಪ್ಪ ಅಮ್ಮನಿಂದ ಬರುವುದಂತೆ. ಅಂಥವರ ಮೈಯಲ್ಲಿ ಅದು ಉಳಿದು ವಿಷವಾಗುತ್ತದಂತೆ. "ಅದಕ್ಕೇ ಈಗ ಹೊರದೇಶದ ಯೋಜನೆಯವರು ಪುಕ್ಕಟೆ ರಕ್ತ ಪರೀಕ್ಷೆ ಮಾಡಿಸ್ತಿದ್ದಾರೆ. ಇವರ ಅಣ್ಣನ ಕಾಲದಲ್ಲಿ ಅದು ಇರ್ಲಿಲ್ಲ. ವಡ್ಜನಾಯಿದು ಸರಿ ಇದೆ. ಪೂರ್ತಿ ಮಾತ್ರೆ ಕೊಡ್ಬಹುದು."

"ನೋಡಿದ್ಯಾ?" ಎಂದಳು ವಡ್ಜನಾಯಿ. "ನನ್ನ ರಕ್ತ ಪರದೇಶಕ್ಕೆ ಹೋಗಿ ಪಾಸಾಗಿ ಬಂದಿದೆ. ನೀನು ಇನ್ನೂ ಗಡಿ ದಾಟಿಲ್ಲ."

ಮನೆಯಲ್ಲಿ ಅವಳ ದೊಡ್ಡಣ್ಣ ತಿಚಾವೋನಾನಿಗೆ ಹೇಳಿದೆ. ವ್ಯಾನು ಓಡಿಸುವವನು, ಮನೆಗೆ ಹಿರಿಯ. ಅವನೂ ನಕ್ಕ. "ಏನೇ ಸಹ್ವಿರಾ, ಹೆಣ ಬೀಳೋ ಮೊದ್ಲೇ ಶುರು ಮಾಡ್ಕೊಂಡ್ಯಲ್ಲ. ಅಷ್ಟು ಅವಸರ ಇದ್ರೆ ನಿಮ್ಮನೇಲಿ ಯಾರನ್ನಾದ್ರೂ ಸಾಯಿಸು, ನಾನು ಬಂದು ಕುಣೀತೀನಿ."

ಏನು ಹೇಳಲಿ ನಾನು? ಅಜ್ಜಂದಿರು ಕಟ್ಟಿಕೊಟ್ಟ ಬಾಯಿ ಇದು. ಬೀಗವಿಲ್ಲದ ಬಾಯಿ. ಅದರಿಂದ ಸತ್ಯ ಬಂದರೂ ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಮೊದಮೊದಲು ಏನೂ ಆಗಲಿಲ್ಲ. ಅವಳು ಗುಡ್ಡದ ಬುಡಕ್ಕೆ ಬಂದು ನೆರಳಲ್ಲಿ ಕೂತು ನನ್ನನ್ನು ಗೇಲಿ ಮಾಡಿದಳು. "ಎಲ್ಲಿ ನನ್ನ ಸಾವು? ದಾರಿ ತಪ್ಪಿತಾ?" ನನಗೂ ನಗು ಬಂತು. ತಪ್ಪಿದ್ದು ನಾನೇ ಆಗಲಿ ದೇವರೇ ಎಂದುಕೊಂಡೆ. ಜೀವಮಾನವಿಡೀ ಅವಳು ಆಡಿಕೊಂಡು ನಗಲಿ ಎಂದುಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಬರಲಿಲ್ಲ. ಹೋಗಿ ನೋಡಿದೆ. ತುಟಿ ಬಿರಿದಿತ್ತು. ನಾಲಗೆ ಊದಿತ್ತು. ಕಡಲೆಕಾಯಿ ಹಾಕಿದ ಗಂಜಿಯ ಬಟ್ಟಲು ಹಾಗೇ ಇತ್ತು.

"ಮಾತ್ರೆ ನಿಲ್ಸು" ಅಂದೆ.

"ಖಾರ ಮದ್ದು ಕಣೇ. ಒಳಗಿರೋದು ಸಾಯ್ಬೇಕಾದ್ರೆ ಸುಮ್ನೆ ಸಾಯುತ್ತಾ? ಮಧ್ಯದಲ್ಲಿ ಬಿಡ್ಬಾರ್ದು ಅಂದಿದ್ದಾರೆ. ರುವಾ ದೊಡ್ಡವಳಾಗೋವರೆಗೆ ನಾನಿರ್ಬೇಕು."

ಡಬ್ಬಿ ಕಿತ್ತುಕೊಂಡೆ. ಅವಳು ಕೈ ಹಿಡಿದಳು. ಆ ಕೈಯಲ್ಲಿ ಆಗಲೇ ಬಲವಿರಲಿಲ್ಲ. ತಿಚಾವೋನಾ ಬಂದು ಡಬ್ಬಿ ನನ್ನಿಂದ ಬಿಡಿಸಿ ತಂಗಿಗೆ ಕೊಟ್ಟ. "ಆಟ ಅತಿಯಾಯ್ತು, ಸಹ್ವಿರಾ" ಅಂದ. ಮೊದಲ ಸಲ ನಗದೆ ಅಂದ.

ಭೇದಿ ಹಿಡಿಯಿತು. ಚಾಪೆ ತೊಳೆದೆ, ಬಟ್ಟೆ ತೊಳೆದೆ, ಅವಳ ತೊಡೆ ತೊಳೆದೆ. ನಾಚಿಕೆಗೆ ಮುಖ ಆ ಕಡೆ ಮಾಡಿದಳು. "ಹೆಣ ತೊಳೆಯೋಳಿಗೆ ಯಾಕೆ ನಾಚ್ಕೋತೀಯ" ಅಂದೆ. ಅವಳು ನಗಲಿಲ್ಲ. ಅಂಗೈ ಕೆಂಪಾಯಿತು. ಆಮೇಲೆ ಕಪ್ಪಾಯಿತು. ಆಮೇಲೆ ಎದ್ದು ಬಂತು. ಬಾಲ್ಯದಿಂದ ಸುತ್ತಿಗೆ ಹಿಡಿದ ಕೈ, ಬೆಂಕಿಯಿಂದ ಬರಿಗೈಯಲ್ಲಿ ಕೆಂಡ ಎತ್ತುತ್ತಿದ್ದ ಕೈ. ನೀರಿನ ಲೋಟ ಹಿಡಿಯಲಾಗಲಿಲ್ಲ.

ಅವತ್ತು ಮಧ್ಯಾಹ್ನ ಕಕ್ಕಸಿಗೆ ಹೊರಟವಳು ಅಂಗಳದ ನಡುವೆ ನಿಂತುಬಿಟ್ಟಳು. ಕಾಲು ಅಗಲಿಸಿದ್ದಳು. ಎರಡೂ ಕೈ ಮುಂದೆ ಚಾಚಿದ್ದಳು. ಬಾಯಿ ತೆರೆದಿತ್ತು. ತನ್ನ ಕೈಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ಇದು ಎನಿಯಾಸನ ನಡಿಗೆ" ಅಂದಳು.

ನಾನು ಹತ್ತಿರ ಹೋಗಿ ಅವಳ ತೋಳು ಹಿಡಿದೆ.

"ನೀನು ಅವತ್ತು ಆಡಿದ್ದು ತಮಾಷೆ ಅಲ್ಲ."

"ಅಲ್ಲ ಕಣೇ."

"ನಾನು ನಕ್ಕೆ" ಅಂದಳು. ಅಲ್ಲೇ ಕುಸಿದು ಕೂತಳು. ಬಾಗಿಲಲ್ಲಿ ನಿಂತಿದ್ದ ತಿಚಾವೋನಾ ಇದನ್ನೆಲ್ಲ ನೋಡಿದ. ಬೀದಿಗೆ ಓಡಿ ವ್ಯಾನು ತಂದ.

ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿದರು. ನೀರು ಏರಿಸಿದರು. ಮೈಯಲ್ಲಿ ರಕ್ತದ ಬಲ ಇಳಿದುಹೋಗಿತ್ತು, ಜ್ವರ ಏರಿತ್ತು. ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದೆ.

"ಪರೀಕ್ಷೆ ಸರಿ ಇದೆ ಅಂದ್ರಿ."

ಅವರು ಗೋಡೆ ನೋಡಿದರು. "ಆ ಪರೀಕ್ಷೇಲಿ ಕೆಲವೇ ದೋಷ ಹುಡುಕ್ತಾರೆ ಅಮ್ಮಾ. ಯೂರೋಪಿನ ಜನರ ರಕ್ತದಲ್ಲಿ ಸಿಕ್ಕಿದವು. ನಮ್ಮ ಜನರಲ್ಲಿ ಇರೋದು ಬೇರೆ. ಅದನ್ನ ಪರೀಕ್ಷೇಲಿ ಸೇರ್ಸಿಲ್ಲ."

"ಹಾಗಾದ್ರೆ ಇವಳ ರಕ್ತ ಯಾಕೆ ತಗೊಂಡ್ರಿ? ಅದ್ರಲ್ಲಿ ಬಿಳಿಯರ ದೋಷ ಇಲ್ಲ ಅಂತ ಹೇಳೋದಕ್ಕಾ?"

ಅವರು ಕೈಯಲ್ಲಿದ್ದ ಕಾಗದ ಮಡಚಿದರು.

"ನಿಮಗೆ ಇದು ಮೊದ್ಲೇ ಗೊತ್ತಿತ್ತಾ?"

"ಓದಿದ್ದೆ" ಅಂದರು.

ಓದಿದ್ದರಂತೆ. ಓದಿದ್ದು ಗೊತ್ತಿತ್ತು, ಅಣ್ಣ ಸತ್ತದ್ದು ಗೊತ್ತಿತ್ತು, ನಾನು ಬಂದು ಬಾಯಿ ಬಡಿದುಕೊಂಡದ್ದು ಗೊತ್ತಿತ್ತು. ಇಷ್ಟಾದರೂ ಕೈ ಪೂರ್ತಿ ಮಾತ್ರೆಯನ್ನೇ ಬರೆಯಿತು. ಪರೀಕ್ಷೆ ಸರಿ ಇದ್ದರೆ ಪೂರ್ತಿ ಕೊಡಬೇಕು ಎಂಬುದು ಯೋಜನೆಯ ನಿಯಮವಂತೆ.

"ಈ ವಿಷ ಇಳಿಸೋ ಮದ್ದು ಇಲ್ವಾ?"

"ಇದೆ. ಶುರುವಾದ ಕೂಡ್ಲೇ ಕೊಡ್ಬೇಕು. ಈ ದೇಶದಲ್ಲಿ ಸಿಗಲ್ಲ."

ಥೂ ಎಂದು ಅಲ್ಲೇ ಉಗಿದೆ. ಅವರು ಪಕ್ಕಕ್ಕೂ ಸರಿಯಲಿಲ್ಲ.

ವಾರ್ಡಿಗೆ ಬಂದು ವಡ್ಜನಾಯಿಗೆ ಎಲ್ಲ ಹೇಳಿದೆ. ಅವಳಿಂದ ಏನನ್ನೂ ಮುಚ್ಚಿಟ್ಟವಳಲ್ಲ ನಾನು. ಅವಳು ಮೆಲ್ಲಗೆ ಬಾಯಿ ತೆರೆದಳು. ಒಂದೊಂದು ಮಾತಿಗೂ ಹುಣ್ಣು ಬಿರಿದು ತುಟಿಯಲ್ಲಿ ರಕ್ತ ಬರುತ್ತಿತ್ತು.

"ನಾಳೆ ಯೋಜನೆಯವರು ವಾರ್ಡು ನೋಡೋಕೆ ಬರ್ತಾರಂತೆ. ನರ್ಸಮ್ಮ ಹಾಸಿಗೆ ಬದ್ಲಾಯಿಸ್ತಿದ್ಲು."

"ಬರ್ಲಿ, ಏನೀಗ?"

"ನನ್ನ ಅಣಕು ಆಡು."

"ಬಾಯಿ ಮುಚ್ಚು. ಬದುಕಿರೋರ ಅಣಕು ಆಡಿದ್ರೆ ಸಾವನ್ನ ಕರೆದ ಹಾಗೆ. ನನ್ನ ಅಜ್ಜ ಎದ್ದು ಬಂದು ಒದೀತಾನೆ."

"ಅದು ಬಂದು ಮಂಚದ ಮೇಲೇ ಕೂತಿದೆ. ಕರೆಯೋದೇನು ಬಂತು?" ಅಂದಳು. ಉಸಿರು ತೆಗೆದುಕೊಂಡಳು. "ಸತ್ತ ಮೇಲೆ ಆಡಿದ್ರೆ ನಗ್ತಾರೆ. ನಾನೇ ನಕ್ಕಿಲ್ವಾ? ನಾನು ಕಣ್ಣು ಬಿಟ್ಕೊಂಡು ನೋಡ್ತಿರುವಾಗ ಆಡು. ಆಗ ಹೇಗೆ ನಗ್ತಾರೋ ನೋಡೋಣ."

ಆಗಲ್ಲ ಅಂದೆ. ಮೂರು ತಲೆಮಾರು ನಮ್ಮವರು ಮಾಡದ್ದನ್ನು ನಾನು ಮಾಡಲಾರೆ ಅಂದೆ. ಅವಳು ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. ಅಷ್ಟೇ. ನಾನು ಒಪ್ಪಿದೆ.

ಮರುದಿನ ಅವರು ಬಂದರು. ಒಬ್ಬ ಬಿಳಿ ಹೆಂಗಸು, ಜೊತೆಗೆ ಕೋಟು ಹಾಕಿದವರು, ಹಿಂದೆ ಡಾಕ್ಟರ್ ಗ್ವಾತಿಡ್ಜೊ. ವಡ್ಜನಾಯಿಯ ಬಟ್ಟೆಗಂಟು ಬಿಚ್ಚಿ ಹರಕು ಲಂಗ ತೆಗೆದೆ. ಸೊಂಟಕ್ಕೆ ಸುತ್ತಿದೆ. ಸುತ್ತು ಬರಲಿಲ್ಲ.

"ಹೇಳಿರ್ಲಿಲ್ವಾ?" ಅಂದಳು ಅವಳು. ಆ ಬಿರಿದ ತುಟಿಯಲ್ಲಿ ನಕ್ಕಳು. ನಾನು ಅಳುವುದನ್ನು ಹಲ್ಲು ಕಚ್ಚಿ ತಡೆದೆ. ಲಂಗದ ಎರಡು ತುದಿಯನ್ನು ಪಿನ್ನಿಗೆ ಸಿಕ್ಕಿಸಿಕೊಂಡು ಮಂಚಗಳ ನಡುವೆ ನಿಂತೆ.

ಮೊದಲು ಕಲ್ಲು ಒಡೆದೆ. ಅವಳ ಹಾಗೇ, ಎಡಗಾಲು ಮಡಚಿ, ಪ್ರತಿ ಪೆಟ್ಟಿಗೂ ಗಂಡನಿಗೊಂದು ಬೈಗುಳ ಕೊಟ್ಟು. ರೋಗಿಗಳು ನಕ್ಕರು. ಬಿಳಿ ಹೆಂಗಸು ಸ್ವಾಗತದ ಕುಣಿತ ಅಂದುಕೊಂಡು ತಾಳಕ್ಕೆ ಚಪ್ಪಾಳೆ ಹಾಕತೊಡಗಿದಳು. ಆಮೇಲೆ ಆ ನಡಿಗೆ ಶುರು ಮಾಡಿದೆ. ಕಾಲು ಅಗಲಿಸಿ, ಕೈ ಚಾಚಿ, ಬಾಯಿ ತೆರೆದು. ನಗು ಇನ್ನೂ ಕೇಳುತ್ತಿತ್ತು. ಯಾರೋ ಮಂಚದ ಕಡೆ ನೋಡಿದರು. ಮಂಚದ ಮೇಲೆ ಅದೇ ಕೈ ಚಾಚಿ, ಅದೇ ಬಾಯಿ ತೆರೆದು ವಡ್ಜನಾಯಿ ಕೂತಿದ್ದಳು. ನಗು ನಿಂತಿತು. ಚಪ್ಪಾಳೆಯೊಂದೇ ಉಳಿಯಿತು.

"ಸಾಕು, ನಿಲ್ಲಿಸಿ" ಎಂದು ನರ್ಸಮ್ಮ ಬಂದಳು.

"ಸಹ್ವಿರಾನ ತಡೀತೀಯಾ?" ಅಂದೆ. ಅವಳೂ ನಮ್ಮವಳು. ಹಿಂದೆ ಸರಿದಳು.

ನಾನು ಡಾಕ್ಟರಾದೆ. ಹೊಟ್ಟೆ ಮುಂದೆ ಮಾಡಿ ನಿಂತು ಅಂದೆ: "ಪರೀಕ್ಷೆ ಸರಿ ಇದೆ. ಪೂರ್ತಿ ಕೊಡಿ. ಆ ಪರೀಕ್ಷೆ ನಮ್ಮ ರಕ್ತಕ್ಕಲ್ಲ ಅಂತ ಓದಿದ್ದೆ. ಓದಿದ್ದೆ. ಪೂರ್ತಿ ಕೊಡಿ."

ಬಿಳಿ ಹೆಂಗಸು ಡಾಕ್ಟರ ಕಡೆ ತಿರುಗಿ ಏನೋ ಕೇಳಿದಳು.

"ನಾನೇನಂದೆ ಅಂತ ತಾನೇ ಕೇಳ್ತಿರೋದು? ಹೇಳಿ ಡಾಕ್ಟ್ರೇ. ಒಂದಕ್ಷರ ಬಿಡದೆ ಹೇಳಿ."

ಅವರು ಹೇಳಿದರು. ಬಿಟ್ಟರೋ, ಸೇರಿಸಿದರೋ, ನನಗೇನು ಗೊತ್ತು. ಆದರೆ ಹೇಳುವಾಗ ಅವರ ದನಿ ಒಡೆಯಿತು. ಚಪ್ಪಾಳೆ ಹಾಕಿದ ಕೈಗಳನ್ನು ಆ ಹೆಂಗಸು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡಳು. ಸಣ್ಣಗೆ ಮಾತಾಡಿದಳು. ಡಾಕ್ಟರು ನಮಗೆ ತಿಳಿಸಿದರು: "ತುಂಬಾ ಬೇಜಾರಾಯ್ತಂತೆ. ನಮ್ಮವರ ದೋಷನೂ ಮುಂದಿನ ವರ್ಷ ಸೇರಿಸೋ ವಿಚಾರ ಇದೆಯಂತೆ."

"ಮುಂದಿನ ವರ್ಷ" ಎಂದಳು ವಡ್ಜನಾಯಿ. ಅವಳೊಬ್ಬಳೇ ನಕ್ಕಳು.

ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಇದ್ದಳು, ಚಿಮಾನಿಮಾನಿ ಕಡೆಯವಳು. ಅವಳಿಗೂ ಅದೇ ಕಾಯಿಲೆ. ಅವತ್ತೇ ಶುರು ಮಾಡಬೇಕಾದ ತಿಳಿಗೆಂಪು ಮಾತ್ರೆಗಳು ಅವಳ ಕೈಯಲ್ಲಿದ್ದವು. ಮೆಲ್ಲಗೆ ಎದ್ದು ಬಂದು ಅವನ್ನು ಡಾಕ್ಟರ ಅಂಗೈಗೆ ಹಾಕಿ ಬೆರಳು ಮುಚ್ಚಿಸಿದಳು. "ಅರ್ಧ ಕೊಡು ಮಗನೇ. ತಡ್ಕೊಂಡ್ರೆ ಆಮೇಲೆ ಹೆಚ್ಚು ಕೊಡುವಿಯಂತೆ. ಪೂರ್ತಿ ನಾನು ನುಂಗಲ್ಲ" ಅಂದಳು. ಡಾಕ್ಟರು ಆ ಮುಷ್ಟಿ ಬಿಚ್ಚದೆ ನಿಂತರು. "ಆಗ್ಲಿ ಅಜ್ಜಿ" ಅಂದರು.

ಅದನ್ನು ನೋಡಿ ವಡ್ಜನಾಯಿ ಕಣ್ಣು ಮುಚ್ಚಿ ಮಲಗಿದಳು. ಆ ವಾರ ಕಳೆಯಲಿಲ್ಲ.

ಅವಳನ್ನು ತೊಳೆದವಳು ನಾನು. ಕೈ ತೊಳೆಯುವಾಗ ನೀರು ಮಾತ್ರ ಹಾಕಿದೆ, ಉಜ್ಜಲಿಲ್ಲ. ಸತ್ತವಳಿಗೆ ನೋವಾಗುವುದಿಲ್ಲ ಎಂದು ಗೊತ್ತು. ಆದರೂ ಉಜ್ಜಲಾಗಲಿಲ್ಲ.

ಅಂಗಳದಲ್ಲಿ ಜನ ಸೇರಿದರು. ಡ್ರಮ್ಮಿನಲ್ಲಿ ಸಡ್ಜಾ ಬೇಯುತ್ತಿತ್ತು. ಡಾಕ್ಟರ್ ಗ್ವಾತಿಡ್ಜೊ ಕೂಡ ಬಂದು ಗಂಡಸರ ಸಾಲಿನ ಕೊನೆಗೆ ನೆಲದ ಮೇಲೆ ಕೂತರು. ಯಾರೂ ಅವರನ್ನು ಏಳಿಸಲಿಲ್ಲ, ಯಾರೂ ಅವರಿಗೆ ನೀರು ಕೊಡಲಿಲ್ಲ. ಹೆಂಗಸರು ಆ ಹರಕು ಲಂಗ ತಂದು ನನ್ನ ಮಡಿಲಿಗೆ ಹಾಕಿದರು. ಡೋಲು ನಿಂತಿತು. ಸಹ್ವಿರಾ ಏಳಬೇಕು, ನಗಿಸಬೇಕು.

ನಾನು ಏಳಲಿಲ್ಲ. ಲಂಗ ಮಡಚಿ ಪಕ್ಕಕ್ಕಿಟ್ಟೆ. "ನಾನು ಆಡಿಯಾಗಿದೆ" ಅಂದೆ. "ಅವಳು ನೋಡಿಯಾಗಿದೆ."

ಆಗ ತಿಚಾವೋನಾ ಎದ್ದ. ಸಾವಿನ ಮನೆಯಲ್ಲಿ ರಕ್ತಸಂಬಂಧಿ ಎದ್ದು ಬರುವ ಪದ್ಧತಿ ಇಲ್ಲ. ಅವನು ಬಂದ. ತನ್ನ ಇಬ್ಬರು ಗಂಡುಮಕ್ಕಳನ್ನು, ಎನಿಯಾಸನ ಮಗನನ್ನು, ವಡ್ಜನಾಯಿಯ ರುವಾಳನ್ನು ಕೈಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದ.

"ಇದು ರಕ್ತದಲ್ಲಿ ಬರೋದಂತೆ. ಇವರಲ್ಲಿ ಯಾರಿಗಿದೆಯೋ ಗೊತ್ತಿಲ್ಲ. ಹುಡುಕೋ ಪರೀಕ್ಷೆ ನಮಗಿಲ್ಲ" ಅಂದ. ಡಾಕ್ಟರ ಕಡೆ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. "ನೀನು ಹೇಳಿದಾಗ ನಾನು ನಕ್ಕೆ, ಸಹ್ವಿರಾ. ಇವರು ನಗದ ಹಾಗೆ ಮಾಡು. ಆ ನಡಿಗೆ ಇವರಿಗೆ ಕಲ್ಸು. ನಾಳೆ ಇವರ ಕೈಗೆ ಯಾರಾದ್ರೂ ಆ ಮಾತ್ರೆ ಇಟ್ರೆ ಇವರು ಎದ್ದು ನಿಂತು ನಡೆದು ತೋರಿಸ್ಲಿ. ನಮ್ಮನೇಲಿ ಹೀಗೆ ಸಾಯ್ತಾರೆ ಅಂತ ತೋರಿಸ್ಲಿ."

ನಾನು ಎದ್ದೆ. ಕಾಲು ಅಗಲಿಸಿದೆ. ಕೈ ಚಾಚಿದೆ. ಮಕ್ಕಳು ನನ್ನ ಹಿಂದೆ ಸಾಲಾಗಿ ನಿಂತರು. ಕಕ್ಕಸಿನವರೆಗೆ ನಡೆದು ಅಲ್ಲಿಂದ ಅವಳ ಹೆಣದ ಪೆಟ್ಟಿಗೆಯವರೆಗೆ ಬಂದೆವು. ಅಂಗಳದಲ್ಲಿ ಯಾರೂ ನಗಲಿಲ್ಲ.

ತಿರುಗಿ ನೋಡಿದೆ. ರುವಾ ಎಲ್ಲ ಸರಿಯಾಗಿ ಮಾಡುತ್ತಿದ್ದಳು. ಬಾಯಿ ತೆರೆದಿದ್ದಳು, ಕಾಲು ಅಗಲಿಸಿದ್ದಳು. ಕೈ ಮಾತ್ರ ಮುಷ್ಟಿ ಕಟ್ಟಿದ್ದಳು. ನಾನು ಬಗ್ಗಿ ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಅಂಗೈ ಮುಚ್ಬೇಡ ಮಗಳೇ" ಅಂದೆ. "ನಿಮ್ಮಮ್ಮನಿಗೆ ಮುಚ್ಚೋಕಾಗ್ತಿರ್ಲಿಲ್ಲ."